ಅತ್ತಿಗೆಯ ಬಣ್ಣ, ನಾದಿನಿಯ ಕತ್ತಲೆ ಕೋಣೆ

ಬಣ್ಣದಕ್ಕ ಅಂತ ಅವಳಿಗೆ ಹೆಸರು ಬಿದ್ದದ್ದು ಅವಳ ಕೈಗಳಿಂದ. ಗ್ಲೌಸಿನ ಮೇಲೆ ಗ್ಲೌಸು ಹಾಕಿಕೊಂಡು ಎಷ್ಟೇ ಜೋಪಾನ ಮಾಡಿದರೂ, ಸಂಜೆ ಮನೆಗೆ ಹೊರಡುವ ಹೊತ್ತಿಗೆ ಮಣಿಕಟ್ಟಿನ ಮೇಲೋ ಅಂಗಿಯ ತೋಳಿನ ಅಂಚಿನಲ್ಲೋ ಹಳದಿ ಬೆರೆತ ಹಸಿರು ಕಲೆಯೊಂದು ಕೂತೇ ಇರುತ್ತಿತ್ತು. ಸಂಶೋಧನಾಲಯದ ಗೇಟು ಕಾಯುವವನಿಂದ ಹಿಡಿದು ಮೇಲಿನ ಮಹಡಿಯ ಗುಮಾಸ್ತರ ತನಕ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳೂ ಬೇಸರ ಮಾಡಿಕೊಂಡವಳಲ್ಲ.

ಅವಳ ಕೆಲಸ ಔಷಧಿಗೆ ಬಣ್ಣ ಕಟ್ಟುವುದು. ಯಾರಾದರೂ ಕೇಳಿದರೆ ಅವಳು ಹೇಳುತ್ತಿದ್ದದ್ದು ಇಷ್ಟೇ: "ನಾವು ತಗೊಳ್ಳೋ ಔಷಧಿ ಮೈಯೊಳಗೆ ಹೋಗಿ, ಜೀವಕೋಶದ ಮೇಲೆ ಒಂದು ಗೊತ್ತಾದ ಜಾಗದಲ್ಲಿ ಕೂರುತ್ತೆ. ಕೂತ್ರೆ ಕೆಲಸ ಮಾಡುತ್ತೆ, ಇಲ್ಲದಿದ್ರೆ ಇಲ್ಲ. ಆದ್ರೆ ಎಲ್ಲಿ ಕೂತಿದೆ, ಎಷ್ಟು ಹೊತ್ತು ಕೂತಿರುತ್ತೆ, ಯಾವಾಗ ಎದ್ದು ಹೋಗುತ್ತೆ, ಒಂದೂ ಕಣ್ಣಿಗೆ ಕಾಣಲ್ಲ. ಅದಕ್ಕೇ ಅದರ ಬೆನ್ನಿಗೊಂದು ಹೊಳೆಯೋ ಬಣ್ಣ ಕಟ್ಟಿ ಕಳಿಸ್ತೀವಿ. ನೀಲಿ ಬೆಳಕು ಬಿಟ್ರೆ ಹಸಿರಾಗಿ ಹೊಳೆಯುತ್ತೆ. ಸಾಹೇಬರು ಎಲ್ಲಿದ್ದಾರೆ ಅಂತ ಆಗ ಗೊತ್ತಾಗುತ್ತೆ."

ಬಾಯಲ್ಲಿ ಹೇಳುವುದು ಸುಲಭ. ಔಷಧಿಯ ಕಣ ಎಷ್ಟು ಚಿಕ್ಕದೋ ಬಣ್ಣದ ಕಣವೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಒತ್ತಿ ಅಂಟಿಸಿದರೆ ಔಷಧಿ ತನ್ನ ಜಾಗದಲ್ಲಿ ಕೂರಲಾರದು, ಬೆನ್ನ ಮೇಲೆ ಟ್ರಂಕು ಹೊತ್ತವನು ಬಸ್ಸಿನ ಸೀಟಿನಲ್ಲಿ ಕೂರಲು ಹೋದ ಹಾಗೆ. ಆದ್ದರಿಂದ ನಡುವೆ ಒಂದು ಸರಪಳಿ ಬೇಕು. ಗಿಡ್ಡವಾದರೂ ಕಷ್ಟ, ಉದ್ದವಾದರೂ ಕಷ್ಟ. ಸರಿಯಾದ ಸರಪಳಿ ಹುಡುಕುವುದರಲ್ಲೇ ಅವಳ ವರ್ಷಗಳು ಕಳೆದಿದ್ದವು.

ಅವಳು ಮಾಡಿಕೊಟ್ಟದ್ದನ್ನು ಜೀವಕೋಶಗಳಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವವಳು ಅವಳ ನಾದಿನಿ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಬಾಗಿಲಿಗೆ ಕಪ್ಪು ಪರದೆ. ಅಲ್ಲಿಂದ ಹೊರಗೆ ಬಂದಾಗಲೆಲ್ಲ ನಾದಿನಿ ಕಣ್ಣು ಕಿರಿದು ಮಾಡಿಕೊಂಡು, ಈಗ ತಾನೇ ನಿದ್ದೆಯಿಂದ ಎದ್ದವಳ ಹಾಗೆ ಕಾಣುತ್ತಿದ್ದಳು. ಇವರಿಬ್ಬರೂ ಮೊದಲು ಗೆಳತಿಯರು, ಆಮೇಲೆ ನೆಂಟರು. ಒಂದು ಸಲ ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತು. ರಿಪೇರಿಗೆ ಬಂದವನು ನಾದಿನಿಯ ಅಣ್ಣ. ಒಳಗೆ ಸಿಕ್ಕಿಕೊಂಡಿದ್ದವಳು ಬಣ್ಣದಕ್ಕ. "ಲಿಫ್ಟ್ ಕೆಟ್ಟಿದ್ದು ನನ್ನ ಪುಣ್ಯ" ಎಂದು ಗಂಡ ಈಗಲೂ ಹೇಳುತ್ತಾನೆ. "ರಿಪೇರಿ ಆಗಿದ್ದು ಅವಳ ಕರ್ಮ" ಎಂದು ತಂಗಿ ಸೇರಿಸುತ್ತಾಳೆ.

ಮದುವೆಯಾದ ಮೇಲೆ ಅತ್ತೆ ಒಂದು ಕಟ್ಟುಪಾಡು ಮಾಡಿದರು. "ಇಷ್ಟು ದಿನ ಹೋಗೇ ಬಾರೇ ಅಂತಿದ್ದಿ, ಸರಿ. ಇನ್ನು ಅವಳು ನಿನಗೆ ಅತ್ತಿಗೆ. ಬಾಯಿ ತುಂಬ ಹಾಗೇ ಕರೀಬೇಕು" ಎಂದು ಮಗಳಿಗೆ ಹೇಳಿದರು. ಅಲ್ಲಿಂದಾಚೆಗೆ ನಾದಿನಿ ಮನೆಯಲ್ಲಿ 'ಅತ್ತಿಗೆ, ನೀವು' ಅನ್ನುವುದು, ಕೆಲಸದ ಜಾಗದಲ್ಲಿ 'ನೀನು, ಕಣೇ' ಅನ್ನುವುದು ರೂಢಿಯಾಯಿತು. ಮನೆ ಚಿಕ್ಕದಾಗುತ್ತದೆಂದು ನಾದಿನಿ ಸಂಶೋಧನಾಲಯದ ಹತ್ತಿರವೇ ಒಂದು ಕೋಣೆ ಹಿಡಿದು ಬೇರೆ ಇದ್ದಳು. ಭಾನುವಾರ ತಪ್ಪದೆ ಊಟಕ್ಕೆ ಬರುತ್ತಿದ್ದಳು. ಉಳಿದ ದಿನ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಕ್ಯಾಂಟೀನಿನ ಮೂಲೆಯ ಮೇಜಿಗೆ ಹೋಗಿ, ಡಬ್ಬಿ ಬಿಚ್ಚಿ, ಒಬ್ಬರದನ್ನೊಬ್ಬರು ತಿಂದುಕೊಂಡು, ಹೊಸ ಸರಪಳಿಯಿಂದ ಹಿಡಿದು ಹಳೆಯ ಚಪ್ಪಲಿಯವರೆಗೆ ಎಲ್ಲ ಮಾತಾಡುತ್ತಿದ್ದರು.

ಅತ್ತೆಗೆ ಉಬ್ಬಸ. ಇನ್ಹೇಲರ್ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೇ ಓಡಾಡುತ್ತಿದ್ದರು. ಸೊಸೆ ಮತ್ತು ಮಗಳು ಕೆಲಸ ಮಾಡುತ್ತಿದ್ದದ್ದೂ ಉಬ್ಬಸದ ಔಷಧಿಯ ಮೇಲೆಯೇ. ಅದು ಆಕಸ್ಮಿಕ, ಕಂಪನಿಯೊಂದು ಹೊಸ ಔಷಧಿ ಮಾಡಿ ಪರೀಕ್ಷೆಗೆ ಇವರಲ್ಲಿ ಕೊಟ್ಟಿತ್ತು. ಅತ್ತೆ ಮಾತ್ರ ಇಡೀ ಕಟ್ಟಡ ತಮಗಾಗಿಯೇ ಎದ್ದು ನಿಂತಿದೆ ಎಂದುಕೊಂಡಿದ್ದರು. ಪತ್ರಿಕೆಯಲ್ಲಿ ಈ ಕೆಲಸದ ಬಗ್ಗೆ ಒಂದು ಸಣ್ಣ ಬರಹ ಬಂದಾಗ ಮಗ ಅದನ್ನು ಓದಿ ಹೇಳಿದ. ಔಷಧಿ ಹೋಗಿ ಕೂರುವ ಜಾಗಕ್ಕೆ ಅದರಲ್ಲಿ 'ಗ್ರಾಹಕ' ಎಂದು ಬರೆದಿದ್ದರು.

"ಗ್ರಾಹಕ ಅಂದ್ರೆ ಅಂಗಡಿಗೆ ಬರೋನಲ್ವೇನೋ?" ಎಂದರು ಅತ್ತೆ.

"ಇದೂ ಹಾಗೇ ಅಮ್ಮ. ಔಷಧಿ ಕೊಳ್ಳೋನು ಅಂದ್ಕೋ" ಎಂದಳು ಮಗಳು.

"ಹಾಗಾದ್ರೆ ನನ್ನ ಎದೇಲಿರೋ ಗ್ರಾಹಕರು ಬರೀ ನೋಡಿ ಹೋಗೋರು, ಕೊಳ್ಳೋರಲ್ಲ."

ಹಳೆಯ ಔಷಧಿ ಅತ್ತೆಗೆ ಹತ್ತುತ್ತಿತ್ತು, ಆದರೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಹೊಸದು ಹಾಗಲ್ಲ, ಬೆಳಿಗ್ಗೆ ಒಂದು ಸಲ ಎಳೆದುಕೊಂಡರೆ ದಿನವಿಡೀ ತನ್ನ ಜಾಗ ಬಿಟ್ಟು ಏಳುವುದಿಲ್ಲ ಎಂದು ಕಂಪನಿಯವರು ಹೇಳಿದ್ದರು. ಅದು ನಿಜವೇ ಎಂದು ನೋಡಬೇಕು. ನೋಡಲು ಹೊಳೆಯುವ ಔಷಧಿ ಬೇಕು. ಹೊಳೆಯುವುದು ಬಣ್ಣದಕ್ಕನ ಕೈಯಿಂದ ಬರಬೇಕು.

ಬರಲಿಲ್ಲ. ಅಂದರೆ, ಬಂತು, ಆದರೆ ಹೊಳೆಯಲಿಲ್ಲ.

ಹೆರಿಗೆ ರಜೆ ಮುಗಿಸಿ ಬಂದ ಮೇಲೆ ಅವಳು ಹೊಸ ಸರಪಳಿ ಹಾಕಿ ಮಾಡಿದ್ದು ಅದು. ಶುದ್ಧತೆ ಅಳೆಯುವ ಯಂತ್ರಕ್ಕೆ ಕೊಟ್ಟು ನೋಡಿದಳು, ಶುದ್ಧವಾಗಿತ್ತು. ಗಾಜಿನ ಸೀಸೆಯಲ್ಲಿ ಹಾಕಿ ನೀಲಿ ದೀಪದಡಿ ಹಿಡಿದರೆ ಕಣ್ಣು ಕುಕ್ಕುವಷ್ಟು ಹಸಿರು. ಅದೇ ನೆಲಮಾಳಿಗೆಗೆ ಹೋದರೆ ಜೀವಕೋಶಗಳ ಅಂಚಿನಲ್ಲಿ ಇದೆಯೋ ಇಲ್ಲವೋ ಎಂಬಂತೆ ಒಂದು ಮಂಕು ಗೆರೆ. ನಾದಿನಿ ಮತ್ತೆ ಮಾಡಿದಳು, ಮತ್ತೆ ಅದೇ. ಬಣ್ಣದಕ್ಕ ಹೊಸದಾಗಿ ಮಾಡಿ ಕಳಿಸಿದಳು. ಅದೂ ಹಾಗೇ.

ಮೊದಮೊದಲು "ಏನೋ ಆಗಿದೆ ಕಣೇ, ನೋಡೋಣ" ಎನ್ನುತ್ತಿದ್ದರು. ಬರುಬರುತ್ತಾ ಮಾತಿನ ರುಚಿ ಬದಲಾಯಿತು. "ನಿನ್ನ ಜೀವಕೋಶಗಳು ಆರೋಗ್ಯವಾಗಿವೆಯಾ?" ಎಂದು ಇವಳು ಕೇಳಿದಳು. "ನನ್ನವು ಗುಂಡುಕಲ್ಲಿನ ಹಾಗಿವೆ, ನಿನ್ನ ಸೀಸೆ ನೋಡ್ಕೋ" ಎಂದು ಅವಳು ಅಂದಳು. ಜಗಳವನ್ನು ನೆಲಮಾಳಿಗೆಯಲ್ಲೇ ಬಿಟ್ಟು ಬರಬಹುದಿತ್ತು. ಒಂದು ಭಾನುವಾರ ಅದು ಊಟದ ಮೇಜಿನ ತನಕ ಬಂತು.

ಅತ್ತೆಗೆ ಅವತ್ತು ಎದೆ ಬಿಗಿ ಜಾಸ್ತಿ. ತಟ್ಟೆ ಮುಂದೆ ಕೂತು, ಉಸಿರು ಎಳೆದುಕೊಂಡು, "ಎಲ್ಲಿಗೆ ಬಂತಮ್ಮ ನಿಮ್ಮ ಹೊಸ ಔಷಧಿ?" ಎಂದು ಕೇಳಿದರು. ಬಣ್ಣದಕ್ಕ ತನ್ನ ಪುಟ್ಟ ಮಗಳಿಗೆ ತುತ್ತು ಕೊಡುತ್ತಿದ್ದಳು. ಉತ್ತರ ಹೇಳಲು ಬಾಯಿ ತೆಗೆಯುವುದರೊಳಗೆ ನಾದಿನಿ ಹೇಳಿದಳು:

"ಅತ್ತಿಗೆಯವರನ್ನ ಕೇಳಮ್ಮ. ಮಗು ಆದ್ಮೇಲೆ ಅವರ ಕೈ ಕೆಲಸದಲ್ಲಿಲ್ಲ. ಅರ್ಧ ಮನಸ್ಸಲ್ಲಿ ಮಾಡಿದ್ದು ಅರ್ಧ ಹೊಳೆಯುತ್ತೆ, ಇನ್ನೇನು."

ಅಣ್ಣ ತಲೆ ಎತ್ತಿ ತಂಗಿಯನ್ನು ನೋಡಿದ. ಅತ್ತೆ ನೀರಿನ ಲೋಟ ಎತ್ತಿಕೊಂಡು ಕುಡಿಯದೆ ಕೆಳಗಿಟ್ಟರು. ಬಣ್ಣದಕ್ಕ ಮಗಳ ಬಾಯಿ ಒರೆಸಿ, ಎತ್ತಿಕೊಂಡು, ಒಳಗೆ ಹೋದಳು. ನಾದಿನಿ ಹೊರಡುವಾಗಲೂ ಹೊರಗೆ ಬರಲಿಲ್ಲ.

ಮಾರನೆಯ ದಿನದಿಂದ ಕೆಲಸದ ಜಾಗದಲ್ಲೂ 'ನೀವು' ಶುರುವಾಯಿತು. "ನಿಮ್ಮ ಸೀಸೆ ಫ್ರಿಜ್ಜಲ್ಲಿಟ್ಟಿದೀನಿ." "ನೀವು ನೋಡಿ ಆಯ್ತಾ?" ಮರ್ಯಾದೆ ಕೊಟ್ಟು ಚುಚ್ಚುವುದು ಎಷ್ಟು ಸಲೀಸು ಎಂದು ಬಣ್ಣದಕ್ಕನಿಗೆ ಆಗ ತಿಳಿಯಿತು. ಆಮೇಲೆ ಅದೂ ನಿಂತು, ಹೇಳುವುದಿದ್ದರೆ ಗಂಡನ ಮೂಲಕ. "ನಿಮ್ಮ ತಂಗಿಗೆ ಹೇಳಿ, ಹೊಸದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿದೆ." "ನಿನ್ನ ನಾದಿನಿ ಕೇಳ್ತಾಳೆ, ಎಷ್ಟು ಗಟ್ಟಿ ಇದೆ ಅಂತ." ಕೊನೆಗೊಂದು ದಿನ ಗಂಡ ಶೂ ಬಿಚ್ಚುತ್ತಾ, "ನನ್ನನ್ನೇನು ಲಿಫ್ಟ್ ಅಂದ್ಕೊಂಡಿದೀರಾ ಇಬ್ರೂ, ಮಾತು ಮೇಲಕ್ಕೂ ಕೆಳಕ್ಕೂ ಸಾಗಿಸೋಕೆ? ನನಗೂ ವರ್ಷಕ್ಕೊಂದು ಸಲ ಸರ್ವಿಸಿಂಗ್ ಬೇಕು" ಎಂದ. ಅವಳಿಗೆ ನಗು ಬಂತು, ಆದರೆ ನಗಲಿಲ್ಲ.

ನಾದಿನಿಯ ಮಾತು ಸುಳ್ಳೆಂದು ತಳ್ಳಿಹಾಕಲು ಅವಳಿಗೇ ಆಗುತ್ತಿರಲಿಲ್ಲ, ಅದು ಅವಳ ನಿಜವಾದ ಸಂಕಟ. ಶಿಶುವಿಹಾರ ಬಾಗಿಲು ಹಾಕುವುದರೊಳಗೆ ಓಡಬೇಕಾದ್ದರಿಂದ ಮಧ್ಯಾಹ್ನದ ಊಟ ನಿಂತುಕೊಂಡೇ ಮುಗಿಸುತ್ತಿದ್ದಳು. ಕುದಿಯುತ್ತಿರುವ ಫ್ಲಾಸ್ಕಿನ ಮುಂದೆ ನಿಂತಾಗ ಮಗುವಿನ ಜ್ವರ ನೆನಪಾಗುತ್ತಿತ್ತು. ಹಿಂದೆ ಹೀಗಿರಲಿಲ್ಲ. ಎಲ್ಲೋ ಒಂದು ಹೆಜ್ಜೆ ತಪ್ಪಿದ್ದೇನೆಯೇ ಎಂದು ಮೊದಲಿಂದ ಮತ್ತೆ ಮಾಡಿದಳು, ಒಂದೊಂದು ಹೆಜ್ಜೆಗೂ ಎರಡೆರಡು ಸಲ ನೋಡಿಕೊಂಡಳು. ಯಂತ್ರ ಮತ್ತೆ ಶುದ್ಧ ಎಂದಿತು. ನಾದಿನಿ ಮತ್ತೆ ಮಂಕು ಎಂದಳು.

ಸಂಶೋಧನಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಬಿಳಿ ಹುಬ್ಬಿನ, ಸಾವಧಾನದ ಮನುಷ್ಯ. ಜಗಳದ ವಾಸನೆ ಅವರ ಮೂಗಿಗೆ ಬಡಿದಿತ್ತೋ ಏನೋ, ಇಬ್ಬರನ್ನೂ ಒಟ್ಟಿಗೇ ಕರೆಸಿದರು.

"ಮುಂದಿನ ತಿಂಗಳು ಕಂಪನಿಯವರು ಬರ್ತಾರೆ. ಬಣ್ಣದ ಔಷಧಿ ಹೊರಗಿಂದ ತರಿಸೋಣ ಅಂತ ಇವಳು ಹೇಳ್ತಾಳೆ. ನೀನೇನಂತೀಯಮ್ಮ?"

ಹೊರಗಿಂದ ತರಿಸುವ ವಿಷಯ ಬಣ್ಣದಕ್ಕನಿಗೆ ಗೊತ್ತೇ ಇರಲಿಲ್ಲ.  ಆದರೂ ದನಿ ಏರಿಸದೆ, "ತರಿಸಿ ಸಾರ್. ಅದಕ್ಕೆ ಮುಂಚೆ ಒಂದು ಸಲ ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ನನ್ನ ಸೀಸೆ ಮುಚ್ಚಳ ತೆಗೆಯೋದರಿಂದ ಹಿಡಿದು ಕಂಪ್ಯೂಟರ್ ಪರದೆ ಮೇಲೆ ಚಿತ್ರ ಬರೋ ತನಕ" ಎಂದಳು.

"ನನ್ನ ಕೈಮೇಲೆ ನಂಬಿಕೆ ಇಲ್ವಾ?" ಎಂದಳು ನಾದಿನಿ.

"ನನ್ನ ಕೈಮೇಲೆ ಇತ್ತಾ ನಿಮಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಳೆ ಬೆಳಿಗ್ಗೆ ಇಬ್ರೂ ಕೆಳಗೆ ಹೋಗಿ" ಎಂದಷ್ಟೇ ಹೇಳಿದರು.

ಕತ್ತಲೆ ಕೋಣೆಯಲ್ಲಿ ಎರಡು ಕುರ್ಚಿ ಹಾಕಿದರೆ ಕಾಲಿಡಲು ಜಾಗವಿರಲಿಲ್ಲ. ಯಂತ್ರದ ಫ್ಯಾನಿನ ಒಂದೇ ಸಮನೆಯ ಸದ್ದು, ಮೇಜಿನ ಅಂಚಿಗೆ ಒಂದು ಪುಟ್ಟ ದೀಪ, ಗೋಡೆಗೆ ಒರಗಿಸಿದ ಕಂಪ್ಯೂಟರ್ ಪರದೆ. ನಾದಿನಿ ಮಾತಿಲ್ಲದೆ ಕೆಲಸ ಶುರು ಮಾಡಿದಳು. ಸೀಸೆಯ ಗಟ್ಟಿ ದ್ರಾವಣದಿಂದ ಒಂದು ತೊಟ್ಟು ತೆಗೆದು ಒಂದು ಟ್ಯೂಬಿನ ಉಪ್ಪುನೀರಿಗೆ ಹಾಕಿದಳು. ಅದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ಹೀಗೆ ತೆಳು ಮಾಡುತ್ತಾ ಹೋಗಿ ಕೊನೆಯದನ್ನು ಜೀವಕೋಶಗಳಿದ್ದ ಬಟ್ಟಲಿಗೆ ಹಾಕಿದಳು. ಕಾದಳು. ತೊಳೆದಳು. ಯಂತ್ರದ ಕೆಳಗಿಟ್ಟಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ತಪ್ಪು ಹುಡುಕಬೇಕೆಂದೇ ಬಂದಿದ್ದ ಬಣ್ಣದಕ್ಕನಿಗೆ ಒಂದೂ ಸಿಗಲಿಲ್ಲ, ಹಳೆಯ ಗೆಳತಿಯ ಕೈಕೆಲಸದ ಚಂದವೇ ಕಂಡು ಇನ್ನಷ್ಟು ಬೇಸರವಾಯಿತು.

ಪರದೆಯ ಮೇಲೆ ಅದೇ ಮಂಕು ಗೆರೆ.

"ನೋಡಿದ್ರಲ್ಲ" ಎಂದಳು ನಾದಿನಿ.

ಬಣ್ಣದಕ್ಕ ಜೇಬಿನಿಂದ ನೀಲಿ ಟಾರ್ಚು ತೆಗೆದಳು. ಬಣ್ಣದ ಕೆಲಸ ಮಾಡುವವರ ಹತ್ತಿರ ಅದು ಇದ್ದೇ ಇರುತ್ತದೆ, ಎಲ್ಲಿ ಚೆಲ್ಲಿದೆ, ಬಟ್ಟೆಗೆ ಎಲ್ಲಿ ತಗುಲಿದೆ ಎಂದು ನೋಡಿಕೊಳ್ಳಲು. ಎದ್ದು ಹೊರಡುವ ಮುಂಚೆ ಅಭ್ಯಾಸಬಲದಿಂದ ತೋಳಿನ ಮೇಲೆ ಬೆಳಕು ಬಿಟ್ಟಳು. ಬೆಳಕು ಜಾರಿ ಮೇಜಿನ ಮೇಲಿನ ಖಾಲಿ ಟ್ಯೂಬುಗಳ ಸಾಲಿನ ಮೇಲೆ ಬಿತ್ತು.

ಟ್ಯೂಬುಗಳು ಹೊಳೆಯುತ್ತಿದ್ದವು. ಒಳಗೆ ನೀರಿಲ್ಲ, ಏನಿಲ್ಲ. ಗೋಡೆಗಳೇ ಹಸಿರಾಗಿದ್ದವು.

ಇಬ್ಬರೂ ಮೇಜಿನ ಮೇಲೆ ಬಾಗಿದರು. ಬಣ್ಣದಕ್ಕ ಒಂದು ಟ್ಯೂಬಿಗೆ ನೀರು ತುಂಬಿ, ಕುಲುಕಿ, ಚೆಲ್ಲಿದಳು. ಮತ್ತೆ ಬೆಳಕು ಬಿಟ್ಟಳು. ಹಸಿರು ಹಾಗೇ ಇತ್ತು.

"ಗೋಡೆಗೆ ಅಂಟ್ಕೊಂಡಿದೆ" ಎಂದಳು. "ನಾನು ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ಈ ಟ್ಯೂಬಲ್ಲೇ ಉಳಿದಿದೆ. ಜೀವಕೋಶದ ತನಕ ಹೋಗೇ ಇಲ್ಲ. ಇವು ಪ್ಲಾಸ್ಟಿಕ್ ಅಲ್ವಾ? ಗಾಜಿನವು ಏನಾದವು?"

ನಾದಿನಿ ಟ್ಯೂಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಗಾಜಿನವು ತೊಳೆಯೋಕೆ ಯಾರೂ ಇರಲಿಲ್ಲ. ನೀನು ರಜೆಯಲ್ಲಿದ್ದಾಗ ನಾನೇ ಪ್ಲಾಸ್ಟಿಕ್ಕಿಗೆ ಬದಲಾಯಿಸಿದೆ. ಹಳೆ ಸರಪಳಿದು ಪ್ಲಾಸ್ಟಿಕ್‌ನಲ್ಲೂ ಚೆನ್ನಾಗೇ ಹೊಳೀತಿತ್ತು. ಅದಕ್ಕೇ ಅನುಮಾನ ಬರಲಿಲ್ಲ."

"ಹಳೇದಕ್ಕೆ ಅಷ್ಟು ಜಿಡ್ಡಿರಲಿಲ್ಲ. ಹೊಸ ಸರಪಳಿ ಎಣ್ಣೆ ಸ್ವಭಾವದ್ದು. ಪ್ಲಾಸ್ಟಿಕ್ ಕಂಡ್ರೆ ಬಿಡಲ್ಲ."

"ನನಗೆ ಹೇಳಲಿಲ್ಲ ನೀನು."

"ಟ್ಯೂಬ್ ಬದಲಾಯಿಸಿದ್ದು ನೀನೂ ಹೇಳಲಿಲ್ಲ."

ಮೊದಲಾಗಿದ್ದರೆ ಎರಡು ಸುದ್ದಿಯೂ ಅದೇ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಹೊರಬೀಳುತ್ತಿದ್ದವು. ಅದು ಇಬ್ಬರಿಗೂ ಹೊಳೆಯಿತು. 'ನೀವು' ಯಾವಾಗ 'ನೀನು' ಆಯಿತೆಂದು ಇಬ್ಬರೂ ಗಮನಿಸಿರಲಿಲ್ಲ.

ನಾದಿನಿ ಎದ್ದು ಗಾಜಿನ ಟ್ಯೂಬು ಹುಡುಕಲು ಹೊರಟಳು. ಬಣ್ಣದಕ್ಕ ಕೂತಲ್ಲಿಂದಲೇ ಹೇಳಿದಳು, "ಟ್ಯೂಬಿಂದು ಇರಲಿ. ಮಗುವಿನ ಮಾತು ಯಾಕೆ ಆಡಿದೆ? ಅದೂ ಅತ್ತೆ ಎದುರಿಗೆ."

ನಾದಿನಿ ಬಾಗಿಲ ಪರದೆಯ ಹತ್ತಿರ ನಿಂತಳು. "ಗೊತ್ತಿಲ್ಲ. ಬಾಯಿಗೆ ಬಂತು, ಅಂದೆ."

"ಸುಮ್ಸುಮ್ನೆ ಬಾಯಿಗೆ ಬರಲ್ಲ ಅಂಥದ್ದು."

 ನಾದಿನಿ ಬೆನ್ನು ಮಾಡಿಕೊಂಡೇ ಮಾತಾಡಿದಳು. "ಈ ಕೋಣೇಲಿ ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬಳೇ ಇರ್ತೀನಿ. ಮೊದಲು ಮಧ್ಯಾಹ್ನ ಒಂದು ಹೊತ್ತಾದ್ರೂ ನೀನು ಸಿಗ್ತಿದ್ದೆ. ಈಗ ಅಲ್ಲೇ ನಿಂತು ತಿಂದು ಓಡ್ತೀಯ. ಮನೆಗೆ ಬಂದ್ರೆ ನೀನು ಅತ್ತಿಗೆ. ಅಣ್ಣ ಮಗು ಎತ್ಕೊಂಡಿರ್ತಾನೆ. ಅಮ್ಮನೂ ಅದರ ಹಿಂದೆನೇ. ನಾನೇ ನಿನ್ನ ಆ ಮನೆಗೆ ಕರ್ಕೊಂಡು ಹೋಗಿದ್ದು. ಈಗ ನಾನೇ ನೆಂಟರ ಹಾಗೆ ಬಂದು ಉಂಡು ಹೋಗ್ತೀನಿ."

"ನಿನಗೆ ಯಾರು ಬೇಡ ಅಂದ್ರು? ವಾರದಲ್ಲಿ ಯಾವತ್ತಾದ್ರೂ ಬರಬಹುದಿತ್ತಲ್ಲ."

"ಕರೆದಿದ್ದೀಯಾ?"

"ಕರೀಬೇಕಾ ನಿನ್ನ?"

"ಹೂಂ. ಕರೀಬೇಕು."

 ಶಿಶುವಿಹಾರದ ಬಾಗಿಲು, ಬಸ್ಸು, ಬಟ್ಟೆ ಒಗೆಯುವುದು, ಅತ್ತೆಯ ಉಸಿರಾಟ, ಇಷ್ಟರ ನಡುವೆ ಯಾರನ್ನಾದರೂ ಕರೆಯುವುದಿದೆ ಎಂಬುದೇ ಬಣ್ಣದಕ್ಕನಿಗೆ ಮರೆತುಹೋಗಿತ್ತು. ಅದನ್ನು ಹಾಗೇ ಹೇಳಿದಳು. ಕೋಪ ಮಾತ್ರ ಪೂರ್ತಿ ಇಳಿದಿರಲಿಲ್ಲ.

"ಇನ್ಮೇಲೆ ಕರೀತೀನಿ. ಆದ್ರೆ ಅತ್ತೆ ಮುಂದೆ ಅಂದಿದ್ದನ್ನ ನೀನು ಅತ್ತೆ ಮುಂದೆನೇ ವಾಪಸ್ ತಗೋಬೇಕು. ಇಲ್ಲಿ ಕತ್ತಲಲ್ಲಿ ತಗೊಂಡ್ರೆ ಲೆಕ್ಕಕ್ಕಿಲ್ಲ."

"ತಗೋತೀನಿ" ಎಂದು ಹೇಳಿ ನಾದಿನಿ ಪರದೆ ಸರಿಸಿಕೊಂಡು ಹೊರಗೆ ಹೋದಳು.

ಗಾಜಿನ ಟ್ಯೂಬುಗಳು ಮೇಲಿನ ಮಹಡಿಯ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ಇಬ್ಬರೂ ನಿಂತು ತೊಳೆದು ಒಣಗಿಸಿದರು. ಬಣ್ಣದಕ್ಕ ಉಪ್ಪುನೀರಿಗೆ ಚೂರು ಪ್ರೋಟೀನ್ ಬೆರೆಸಿದಳು, ಗೋಡೆಗೆ ಅದು ಮೊದಲೇ ಹರಡಿಕೊಂಡರೆ ಔಷಧಿಗೆ ಅಂಟಲು ಜಾಗ ಸಿಗದಿರಲಿ ಎಂದು. ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಯಂತ್ರದ ಕೆಳಗೆ ಕೂತಿತು.

ಪರದೆಯ ಮೇಲೆ ಪ್ರತಿಯೊಂದು ಜೀವಕೋಶಕ್ಕೂ ಒಂದು ಹಸಿರು ಅಂಚು. ಯಾರೋ ಸಣ್ಣ ಕುಂಚದಲ್ಲಿ ಒಂದೊಂದರ ಸುತ್ತಲೂ ಎಳೆದಂತೆ, ಒಂದಕ್ಕೊಂದು ತಾಗಿದಲ್ಲಿ ಗೆರೆ ಇನ್ನಷ್ಟು ದಪ್ಪ. ಒಳಗೆಲ್ಲ ಕಪ್ಪು.

ನಾದಿನಿ ಕುರ್ಚಿಗೆ ಒರಗಿದಳು. "ಬಂತು" ಎಂದಳು, ಅಷ್ಟೇ.

ವಿಷಯ ಕೇಳಿ ಮೇಷ್ಟ್ರು ಹಿಗ್ಗಿದರೂ ತೋರಿಸಿಕೊಳ್ಳಲಿಲ್ಲ. "ಔಷಧಿ ಕೂರೋ ಜಾಗವೇ ಇಲ್ಲದ ಜೀವಕೋಶಕ್ಕೆ ಹಾಕಿ ನೋಡಿದ್ರಾ?" ಎಂದು ಕೇಳಿದರು. ಹಾಕಿದರು, ಪರದೆ ಕಪ್ಪಾಗಿಯೇ ಉಳಿಯಿತು. "ಬಣ್ಣವಿಲ್ಲದ ಔಷಧಿ ಮೊದಲು ಕೊಟ್ಟು, ಆಮೇಲೆ ಇದನ್ನ ಹಾಕಿ ನೋಡಿದ್ರಾ?" ಅದನ್ನೂ ಮಾಡಿದರು, ಜಾಗಗಳೆಲ್ಲ ಮೊದಲೇ ತುಂಬಿದ್ದರಿಂದ ಹಸಿರು ಅಂಚು ಮೂಡಲಿಲ್ಲ. ಹೊಳೆಯುವುದು ನಿಜವಾಗಿಯೂ ಆ ಜಾಗದಲ್ಲೇ ಕೂರುತ್ತಿದೆ, ಅಲ್ಲಿ ಇಲ್ಲಿ ಅಂಟುತ್ತಿಲ್ಲ ಎಂದು ಅವರಿಗೆ ಮನದಟ್ಟಾದ ಮೇಲೆಯೇ ತಲೆಯಾಡಿಸಿದ್ದು.

ಭಾನುವಾರ ನಾದಿನಿ ಊಟಕ್ಕೆ ಬಂದಳು. ಕೂತು ಮೊದಲ ತುತ್ತು ಎತ್ತುವ ಮುಂಚೆಯೇ ಹೇಳಿಬಿಟ್ಟಳು. "ಅಮ್ಮ, ಅವತ್ತು ನಾನು ಅತ್ತಿಗೆಗೆ ಅಂದಿದ್ದು ತಪ್ಪು. ಅವರ ಕೆಲಸ ಸರಿಯಾಗೇ ಇತ್ತು. ನಾನು ಬಳಸಿದ ಟ್ಯೂಬಿಂದ ಎಡವಟ್ಟಾಗಿದ್ದು. ಮಗುವಿನ ಮಾತಂತೂ ಆಡಲೇಬಾರದಿತ್ತು."

ಅತ್ತೆ ಮಗಳನ್ನೂ ಸೊಸೆಯನ್ನೂ ಒಂದೊಂದು ಸಲ ನೋಡಿದರು. "ಅಂತೂ ಟ್ಯೂಬ್‌ಲೈಟ್ ತರ ಲೇಟಾಗಿ ಹತ್ತಿಕೊಂಡ್ತು ಅನ್ನು" ಎಂದು ಹೇಳಿ, ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಗಂಡ ನಗುವುದಕ್ಕೆ ಹೋಗಿ ಕೆಮ್ಮಿದ. ಬಣ್ಣದಕ್ಕ ಮಗಳನ್ನು ಎತ್ತಿ ನಾದಿನಿಯ ತೊಡೆಯ ಮೇಲೆ ಕೂರಿಸಿದಳು. "ನೀನೇ ತಿನ್ಸು ಇವತ್ತು, ನನಗೆ ಸಾಕಾಗಿದೆ" ಎಂದಳು. ಮಗು ತಿಂದದ್ದಕ್ಕಿಂತ ನಾದಿನಿಯ ಅಂಗಿಗೆ ಒರೆಸಿದ್ದೇ ಹೆಚ್ಚು.

ಇನ್ನು ಉಳಿದದ್ದು ಅಸಲು ಕೆಲಸ. ಹೊಸ ಔಷಧಿ ಎಷ್ಟು ಹೊತ್ತು ಕೂರುತ್ತದೆಂದು ನೋಡುವುದು. ಬಣ್ಣ ಹೊತ್ತದ್ದು ಆ ಭಾರಕ್ಕೇ ಬೇಗ ಎದ್ದುಬಿಡಬಹುದು, ಆದ್ದರಿಂದ ಅದು ಖಾಲಿ ಜಾಗ ತೋರಿಸಲಿಕ್ಕೆ ಮಾತ್ರ. ಉಪಾಯ ಸರಳವಾಗಿತ್ತು. ಜೀವಕೋಶಗಳಿಗೆ ಹೊಸ ಔಷಧಿ ಕೊಟ್ಟು ಜಾಗಗಳನ್ನೆಲ್ಲ ತುಂಬಿಸುವುದು. ಹೆಚ್ಚಾದದ್ದನ್ನು ತೊಳೆದು ಬಿಡುವುದು. ಕಾದಿದ್ದು, ಆಮೇಲೆ ಹೊಳೆಯುವುದನ್ನು ಹಾಕುವುದು. ಹೊಸ ಔಷಧಿ ಇನ್ನೂ ಕೂತಿದ್ದರೆ ಹೊಳೆಯುವುದಕ್ಕೆ ಜಾಗ ಸಿಗದೆ ಪರದೆ ಕಪ್ಪಾಗಿರುತ್ತದೆ. ಎದ್ದು ಹೋಗಿದ್ದರೆ ಖಾಲಿ ಜಾಗಕ್ಕೆ ಇದು ಬಂದು ಕೂತು ಅಂಚು ಬೆಳಗುತ್ತದೆ. ಅಂದರೆ ಈ ಸಲ ಅವರಿಬ್ಬರಿಗೂ ಬೇಕಾದದ್ದು ಕತ್ತಲೆ.

ಮೊದಲು, ಅದೇ ಜಾಗದಲ್ಲಿ ಕೂರುವ ಹಳೆಯ ಔಷಧಿಯ ಬಟ್ಟಲು ಇಟ್ಟರು. ಸ್ವಲ್ಪ ಹೊತ್ತಿಗೇ ಅಂಚುಗಳು ಬೆಳಗಿದವು. ಅತ್ತೆಯ ಎದೆ ಅದನ್ನು ಮೊದಲೇ ಹೇಳಿತ್ತು. ಆಮೇಲೆ ಹೊಸದರ ಬಟ್ಟಲು. ಇಬ್ಬರೂ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ನೋಡಿದರು. ಸ್ವಲ್ಪ ಹೊತ್ತು ಕಪ್ಪು. ಆಮೇಲೆ ಒಂದು ಮೂಲೆಯ ಜೀವಕೋಶಕ್ಕೆ ಗೆರೆ ಮೂಡಿತು. ಅದರ ಪಕ್ಕದ್ದಕ್ಕೆ. ನೋಡನೋಡುತ್ತಾ ಪರದೆ ತುಂಬ ಹಸಿರು.

"ಎದ್ದು ಹೋಯ್ತು" ಎಂದಳು ನಾದಿನಿ.

"ಇನ್ನೊಂದು ಸಲ ಮಾಡೋಣ."

ಮಾಡಿದರು. ಈ ಸಲ ಬಣ್ಣದಕ್ಕ ನಾದಿನಿಯ ಕುರ್ಚಿಯಲ್ಲಿ ಕೂತಳು, ನಾದಿನಿ ದ್ರಾವಣ ಕಲೆಸಿದಳು, ಕೈಬದಲಾದರೆ ಫಲವೂ ಬದಲಾದೀತೇನೋ ಎಂಬ ಆಸೆಯಿಂದ. ಬದಲಾಗಲಿಲ್ಲ. ವಾರವೆಲ್ಲ ಮಾಡಿದರು. ಹೊಸ ಔಷಧಿ ಹಳೆಯದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು ಕೂರುತ್ತಿತ್ತು ಎನ್ನಬಹುದು, ಆದರೆ ದಿನವಿಡೀ ಎನ್ನುವುದು ದೂರದ ಮಾತು. ಕಂಪನಿಯವರು ಮೊದಲು ಅಳೆದದ್ದು ಬಿಡಿ ಜೀವಕೋಶಗಳಲ್ಲಲ್ಲ, ಶ್ವಾಸನಾಳದಿಂದ ಕತ್ತರಿಸಿದ ಊತಕದ ತುಂಡುಗಳಲ್ಲಿ. ಅಲ್ಲಿ ಔಷಧಿ ಕೊಬ್ಬಿನ ನಡುವೆ ಅವಿತು ಕೂತು, ಕೆಲಸದ ಜಾಗದಲ್ಲೇ ಕೂತಂತೆ ತೋರಿಸಿಕೊಂಡಿತ್ತು ಎಂದು ಮೇಷ್ಟ್ರು ಊಹಿಸಿದರು.

ಹೇಳಿದ ದಿನ ಕಂಪನಿಯಿಂದ ಒಬ್ಬ ಹೆಂಗಸು ಬಂದಳು. ಮೋಟು ಕೂದಲು, ಕಡಿಮೆ ಮಾತು. ಎಲ್ಲ ಚಿತ್ರಗಳನ್ನೂ ನೋಡಿ, "ನಿಮ್ಮ ಬಣ್ಣವೇ ತಪ್ಪು ಹೇಳ್ತಿರಬಹುದಲ್ವಾ?" ಎಂದು ಕೇಳಿದಳು.

"ಆ ಅನುಮಾನ ನಮಗೂ ಬಂದಿತ್ತು" ಎಂದಳು ನಾದಿನಿ. "ಅದಕ್ಕೋಸ್ಕರ ಮನೇಲಿ ಮಾತು ಬಿಟ್ಟು, ಮತ್ತೆ ಮಾತಾಡಿ, ಎಲ್ಲ ಆಗಿದೆ. ತೋರಿಸ್ತೀವಿ ಬನ್ನಿ."

ಬಣ್ಣದಕ್ಕ ಕಪ್ಪಾಗಿಯೇ ಉಳಿದ ಚಿತ್ರಗಳನ್ನು ಒಂದೊಂದಾಗಿ ಮುಂದಿಟ್ಟಳು, ಯಾವುದು ಯಾಕೆ ಕಪ್ಪು ಎಂದು ಹೇಳುತ್ತಾ ಹೋದಳು. ಹೆಂಗಸು ಕೊನೆಗೆ ಪೆನ್ನು ಮುಚ್ಚಿ ಪಕ್ಕಕ್ಕಿಟ್ಟಳು. "ಮನುಷ್ಯರ ಮೇಲೆ ಪರೀಕ್ಷೆ ಶುರು ಮಾಡೋದರಲ್ಲಿದ್ವಿ. ಮುಂಚೆನೇ ಗೊತ್ತಾಯ್ತಲ್ಲ" ಎಂದಳು. ಖುಷಿಯಿಂದ ಹೇಳಿದ ಮಾತಲ್ಲ, ಆದರೆ ಅದರಲ್ಲಿ ಕಹಿಯೂ ಇರಲಿಲ್ಲ. ಆ ಔಷಧಿಯ ಕೆಲಸ ಅಲ್ಲಿಗೆ ನಿಂತಿತು. ಹೊಳೆಯುವುದನ್ನು ಮಾತ್ರ ಅವಳು ಕೇಳಿ ತೆಗೆದುಕೊಂಡು ಹೋದಳು. ಗಾಜಿನ ಟ್ಯೂಬಲ್ಲೇ ಬಳಸಬೇಕೆಂದು ಬಣ್ಣದಕ್ಕ ಎರಡೆರಡು ಸಲ ಹೇಳಿ ಕಳಿಸಿದಳು.

ಅತ್ತೆಗೆ ಹೇಳುವುದೇ ಕಷ್ಟವಾಯಿತು. ಹೊಸ ಔಷಧಿ ಬರುತ್ತದೆಂದು ಅವರು ಆಗಲೇ ಎದುರುಮನೆಯವಳಿಗೆ ಸಾರಿಬಿಟ್ಟಿದ್ದರು.

"ಹಾಗಾದ್ರೆ ಇಷ್ಟು ದಿನ ಮಾಡಿದ್ದು ದಂಡನಾ?" ಎಂದು ಕೇಳಿದರು.

"ದಂಡ ಅಲ್ಲ ಅತ್ತೆ" ಎಂದಳು ಬಣ್ಣದಕ್ಕ. "ಕೆಲಸ ಮಾಡದ ಔಷಧಿ ನಿಮ್ಮ ತನಕ ಬಂದು, ನೀವದನ್ನ ನಂಬ್ಕೊಂಡು ಕೂರೋದು ತಪ್ಪಿತು. ಆದ್ರೂ ನನಗೆ ಬೇಜಾರಾಗಿದೆ. ನಿಮಗೆ ಬರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ."

ಅತ್ತೆ ಸ್ವಲ್ಪ ಹೊತ್ತು ಸೆರಗಿನ ಗಂಟು ತಿರುವುತ್ತಾ ಕೂತರು. ಆಮೇಲೆ, "ಅಷ್ಟೊಂದು ಜಗಳ ಆಡಿದಿರಲ್ಲ, ಅದು ಹೇಗೆ ಹೊಳೆಯುತ್ತೆ ಅಂತ ನನಗೂ ಒಂದು ಸಲ ತೋರಿಸಿ" ಎಂದರು.

ಮೇಷ್ಟ್ರ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ ಕರೆದುಕೊಂಡು ಹೋದರು. ಲಿಫ್ಟಿಂದ ಕತ್ತಲೆ ಕೋಣೆಯ ತನಕದ ನಡಿಗೆಗೇ ಅತ್ತೆಗೆ ಏದುಸಿರು ಬಂತು. ಕುರ್ಚಿಯಲ್ಲಿ ಕೂತು, ಇನ್ಹೇಲರ್ ಎಳೆದುಕೊಂಡು, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಕಾದರು. ನಾದಿನಿ ನೀಲಿ ಬೆಳಕು ಬಿಟ್ಟಳು. ಪರದೆಯ ಮೇಲೆ ಹಸಿರು ಅಂಚುಗಳು ಬಂದವು.

"ಇಷ್ಟೇನಾ?" ಎಂದರು ಅತ್ತೆ.

"ಇಷ್ಟೇ."

ಆದರೆ ಅವರು ಕಣ್ಣು ತೆಗೆಯಲಿಲ್ಲ. ಕತ್ತು ಮುಂದಕ್ಕೆ ಚಾಚಿ ಒಂದೊಂದನ್ನೇ ನೋಡಿದರು. ಗುಂಪಾಗಿ ಒತ್ತಿಕೊಂಡಿದ್ದವನ್ನು ಬೆರಳಿನಲ್ಲಿ ತೋರಿಸಿ, "ಇವೆಲ್ಲ ಕೂತಿರೋವಾ?" ಎಂದು ಕೇಳಿದರು. ಸೊಸೆ "ಕೂತಿರೋವು" ಎಂದಳು. "ನನ್ನ ಎದೇಲೂ ಹೀಗೇನಾ?" "ಹೆಚ್ಚುಕಡಿಮೆ ಹೀಗೇ."  ನೋಡುತ್ತಿದ್ದ ಹಾಗೆಯೇ ಗೆರೆಗಳು ಮೆಲ್ಲಗೆ ತೆಳುವಾಗತೊಡಗಿದವು.

"ಮಂಕಾಗ್ತಿದೆಯಲ್ಲೇ."

"ಬಹಳ ಹೊತ್ತು ಬೆಳಕು ಬಿಟ್ರೆ ಬಣ್ಣ ಸುಟ್ಟು ಹೋಗುತ್ತಮ್ಮ" ಎಂದಳು ನಾದಿನಿ.

"ಹಾಗಾದ್ರೆ ಆರಿಸಿಬಿಡು. ನನಗೋಸ್ಕರ ಯಾಕೆ ಹಾಳು ಮಾಡ್ತೀರಾ" ಎಂದು ಅತ್ತೆ ಎದ್ದು ನಿಂತರು.

ನಾದಿನಿ ಬೆಳಕು ಆರಿಸಿ ಕೋಣೆಯ ದೀಪ ಹಾಕಿದಳು. ಬಣ್ಣದಕ್ಕ ಅತ್ತೆಯ ತೋಳು ಹಿಡಿದುಕೊಂಡಳು. ಮೂವರೂ ಕಣ್ಣು ಕಿರಿದು ಮಾಡಿಕೊಂಡು ಪರದೆ ಸರಿಸಿ ಹೊರಗೆ ಬಂದರು.